ಅಜ್ಜಿ ಎದ್ದರೆ ಫೇಲ್

ಹೋದ ತಿಂಗಳು ಹಳಿಯಾಳದಲ್ಲಿ ಒಬ್ಬ ಅಜ್ಜಿ ನನ್ನನ್ನು ಪರೀಕ್ಷೆಯಲ್ಲಿ ಫೇಲ್ ಮಾಡಿದರು. ಅದೂ ಹಾಸಿಗೆ ಬಿಟ್ಟು ಏಳದೆ!

ಪರೀಕ್ಷೆ ಪಿಯಾನೊದ್ದು. ಹೌದು, ಈ ವಯಸ್ಸಿನಲ್ಲಿ. ಐವತ್ತೊಂದಕ್ಕೆ ಶುಗರ್ ಬರಬಹುದು, ಪಿಯಾನೊ ಬರಬಾರದೇ?

ಮೂರು ವರ್ಷದಿಂದ ವಾರಕ್ಕೊಮ್ಮೆ ದಾಂಡೇಲಿಯಿಂದ ಬಸ್ಸು ಹತ್ತಿ ಹಳಿಯಾಳದ ರೋಜಿ ಟೀಚರ್ ಮನೆಗೆ ಹೋಗುತ್ತೇನೆ. ಚರ್ಚಿನಲ್ಲಿ ನುಡಿಸುವವರು. ವಯಸ್ಸಿನಲ್ಲಿ ನನ್ನ ಅರ್ಧ, ಗತ್ತಿನಲ್ಲಿ ಡಬಲ್. ನನ್ನ ಆಸೆ ಒಂದೇ: ಮದುವೆಗೆ ಇಪ್ಪತ್ತೈದು ತುಂಬುವ ದಿನ ಹೆಂಡತಿಯೆದುರು ರೊಮ್ಯಾಂಟಿಕ್ ಕಾಲದ ಒಂದು ದೊಡ್ಡ ಪೀಸ್ ನುಡಿಸಬೇಕು. (ರೊಮ್ಯಾಂಟಿಕ್ ಎಂದರೆ ಸಿನಿಮಾದ್ದಲ್ಲ. ಸುಮಾರು ಇನ್ನೂರು ವರ್ಷದ ಹಿಂದಿನ ಯುರೋಪಿನ ಸಂಗೀತ. ಬೆಲ್ಲಕ್ಕೆ ಇರುವೆ ಮುತ್ತಿದಂತೆ ಪುಟದ ತುಂಬ ಸ್ವರಗಳು.) ಅವಳಿಗೆ ಹೇಳಿಯೂ ಬಿಟ್ಟಿದ್ದೆ. ಅವಳ ತವರಿನವರಿಗೂ ಫೋನ್ ಹೋಗಿತ್ತು. ಇನ್ನು ಹಿಂದೆ ಸರಿದರೆ ಮಾನ ಉಳಿಯುತ್ತದೆಯೇ?

"ಟೀಚರ್, ನಾನು ರೆಡಿ ಅದೇನಿ," ಎಂದು ಸರಿಗಮದಂಥ ಸ್ಕೇಲುಗಳನ್ನು ಸರಸರ ಓಡಿಸಿ ತೋರಿಸಿದೆ.

"ಕಾಕಾ, ಬೆರಳು ಛಲೋ ಓಡ್ತಾವ್ರಿ. ಆದ್ರ ನೋಡೂದು ಅದನ್ನಲ್ಲ." ಒಂದು ಪುಟದ ಜೋಗುಳ ತೆಗೆದು ಮುಂದಿಟ್ಟರು. "ಇದನ್ನ ನುಡಸ್ರಿ. ಒಳಗ ನಮ್ಮಜ್ಜಿ ಮಲಗ್ಯಾಳ. ಎದ್ದಳಂದ್ರ ನೀವು ಫೇಲ್."

ಇದೆಂಥ ಪರೀಕ್ಷೆ ಮಾರಾಯ್ರೇ? ಎಡಗೈ ಪಿಸುಗುಡಬೇಕು, ಬಲಗೈ ಹಾಡಬೇಕು. ದೊಡ್ಡ ಪೀಸಿನ ಕಷ್ಟವೂ ಅದೇ ಅಂತೆ, ಓಟವೆಲ್ಲ ಆಮೇಲೆ.

ಎರಡು ಸಾಲು ಮುಗಿದಿರಲಿಲ್ಲ. ಒಳಗಿನಿಂದ ದನಿ ಬಂತು: "ಯಾಂವ ಅಂವಾ, ಮಟಮಟ ಮಧ್ಯಾಹ್ನ ಕಟ್ಟಿಗಿ ಒಡ್ಯಾಕ ಹತ್ತ್ಯಾನ?"

ಪಕ್ಕದ ಸಾಂಬ್ರಾಣಿ ಊರಿನಲ್ಲಿ ಅರ್ಧ ಬದುಕು ಕಟ್ಟಿಗೆ ಒಡೆದ ಅಜ್ಜಿ. ಸದ್ದಿನ ಗುರುತು ತಪ್ಪುವುದುಂಟೇ?

ಟೀಚರ್ ಅದೇ ಜೋಗುಳ ನುಡಿಸಿದರು. ಎರಡು ನಿಮಿಷಕ್ಕೆ ಅಜ್ಜಿಯ ಗೊರಕೆ ಮತ್ತೆ ಶುರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ನಿಮ್ಮ ಕಿವಿ ಇನ್ನೂ ಮಿಲ್‌ನ್ಯಾಗ ಐತ್ರಿ ಕಾಕಾ."

ನಿಜ. ಇಪ್ಪತ್ತೆಂಟು ವರ್ಷ ಪೇಪರ್ ಮಷಿನ್ ಪಕ್ಕ ನಿಂತವನು ನಾನು. ನಮ್ಮ ಕಾಲೊನಿಯಲ್ಲಿ ಒಬ್ಬ ಚಹಾ ಕೇಳಿದರೆ ಮೂರು ಮನೆಯ ಒಲೆ ಹೊತ್ತುತ್ತವೆ. ಮೆತ್ತಗೆ ಮಾತಾಡಿದರೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಾರೆ. ಹೆಂಡತಿಯ ಜೊತೆ ನಾನು ಇಷ್ಟು ವರ್ಷ ಮಾತಾಡಿದ್ದೇನೆಯೋ, ಬರೀ ಕೂಗಿದ್ದೇನೆಯೋ?

ದೊಡ್ಡ ಪೀಸು ಚೀಲ ಸೇರಿತು. ದಿನಾ ಜೋಗುಳ. ಮದುವೆಗೆ ಇಪ್ಪತ್ತೈದು ತುಂಬುವ ದಿನವೂ ಬಂತು. ಹೋಳಿಗೆ ಊಟ ಮುಗಿಸಿ ತವರಿನವರೆಲ್ಲ ಪಡಸಾಲೆಯಲ್ಲಿ ಕೂತರು. ದೊಡ್ಡದು ನುಡಿಸಲು ಬರುವುದಿಲ್ಲವೆಂದು ಒಪ್ಪಿಕೊಂಡು, ಮನೆಯ ಕೀಬೋರ್ಡಿನಲ್ಲಿ ಜೋಗುಳ ನುಡಿಸಿ ತಿರುಗಿ ನೋಡಿದೆ. ಬೆಳಗಿನಿಂದ ಹೋಳಿಗೆ ತಟ್ಟಿದ ಹೆಂಡತಿ ಸೋಫಾದಲ್ಲೇ ಬಾಯಿ ತೆರೆದು ಮಲಗಿದ್ದಳು! ನಾನು ಮನೆಯಲ್ಲಿದ್ದಾಗ ಅವಳು ಅಷ್ಟು ನಿಶ್ಚಿಂತೆಯಾಗಿ ಮಲಗಿದ್ದನ್ನು ಕಂಡೇ ಇರಲಿಲ್ಲ.

ಖುಷಿ ತಡೆಯಲಾಗಲಿಲ್ಲ. ಅಲ್ಲೇ ಕೂತು ಟೀಚರಿಗೆ ಫೋನ್ ಹಚ್ಚಿ ಪಿಸುಗುಟ್ಟಿದೆ: "ಪಾಸ್ ಆದ್ನಿ, ಟೀಚರ್."

"ಏನ್ರಿ ಕಾಕಾ? ಸ್ವಲ್ಪ ಜೋರ ಮಾತಾಡ್ರಿ, ಏನೂ ಕೇಳವಲ್ದು!"

ಮಿಲ್ಲಿನವನೊಬ್ಬನಿಗೆ ಈ ಮಾತು ಯಾರಾದರೂ ಹೇಳಿದ್ದುಂಟೇ?