ಒಣಗಿದ ಕಣ್ಣಿನ ನೀರು

ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾನೂ ನನ್ನ ಗಂಡನೂ ಸೀರೆ ಮಗ್ಗ ನಡೆಸುತ್ತೇವೆ. ಹೋದ ವರ್ಷ ನನ್ನ ಕಣ್ಣು ಉರಿಯಲು ಶುರುವಾಯಿತು. ಮರಳು ಬಿದ್ದ ಹಾಗೆ ಚುಚ್ಚುವುದು, ಹಿಂದೆಯೇ ಬಳಬಳ ನೀರು. ಎಳೆ ತುಂಡಾದರೆ ಹುಡುಕಿ ಗಂಟು ಹಾಕಲಾರದಷ್ಟು ಮಂಜು.

ಔಷಧಿ ಅಂಗಡಿಯವರು ಧೂಳಿನ ಅಲರ್ಜಿ ಅಂತ ಡ್ರಾಪ್ಸ್ ಕೊಟ್ಟರು. ಕನ್ನಡಕದ ಅಂಗಡಿಯವರು ನಂಬರ್ ಬದಲಾಗಿದೆ ಅಂದರು. ಕನ್ನಡಕ ಹೊಸದಾಯಿತು, ನೀರು ಮಾತ್ರ ನಿಲ್ಲಲಿಲ್ಲ.

ಬೀದಿಯವರು ಬೇರೆಯೇ ಕಾಯಿಲೆ ಕಂಡುಹಿಡಿದರು. ಹಾಲು ತರಲು ಹೋದಾಗಲೂ ನನ್ನ ಕಣ್ಣು ಒದ್ದೆ. ಗಂಡ ಹೊಡೆಯುತ್ತಾನೆ ಅಂತ ತೀರ್ಮಾನಿಸಿಬಿಟ್ಟರು. ಸುದ್ದಿ ನೆಲಮಂಗಲದ ನನ್ನ ತವರು ಮುಟ್ಟಿ, ಅಣ್ಣ ಬಂದ. ಹಾಗೇನೂ ಇಲ್ಲವೆಂದು ಎಷ್ಟು ಹೇಳಿದರೂ ಹೆದರಿ ಮುಚ್ಚಿಡುತ್ತಿದ್ದೇನೆ ಅಂದುಕೊಂಡ. ಮಾತಿನ ನಡುವೆ ಕಣ್ಣು ಉರಿದು ನೀರು ಇಳಿಯಿತು. ಅವನಿಗೆ ಅದೇ ಸಾಕ್ಷಿ. ನನ್ನ ಗಂಡ ಎದ್ದು ಶೆಡ್ಡಿಗೆ ಹೋಗಿಬಿಟ್ಟರು.

"ನೀನೇ ನನ್ನನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡ್ಹೋಗಣ್ಣ," ಅಂದೆ.

ಅಲ್ಲಿನ ಡಾಕ್ಟರಮ್ಮ ಮಗ್ಗದ ಕೆಲಸ, ಫ್ಯಾನು, ಯಾವ ಹೊತ್ತಲ್ಲಿ ಉರಿ ಹೆಚ್ಚು ಎಂದೆಲ್ಲ ಕೇಳಿದರು. ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ನೀರೆಷ್ಟು ಬರುತ್ತದೆಂದು ನೋಡಿದರು. ಕಣ್ಣಿಗೆ ಹಳದಿ ಬಣ್ಣ ಸೋಕಿಸಿ, ನೀಲಿ ಬೆಳಕಿನ ಮುಂದೆ ರೆಪ್ಪೆ ಬಡಿಯದೆ ಇರಲು ಹೇಳಿದರು. ರೆಪ್ಪೆಯ ಅಂಚನ್ನೂ ಒತ್ತಿ ನೋಡಿದರು.

"ನಿಮ್ಮದು ಒಣಕಣ್ಣು," ಅಂದರು.

ನನಗೆ ರೇಗಿತು. "ಹಗಲೆಲ್ಲಾ ಸುರೀತದೆ ಮೇಡಂ. ಒಣಗಿದೆ ಅಂತೀರಲ್ಲ?"

"ಕಣ್ಣೀರಂದ್ರೆ ಬರೀ ನೀರಲ್ಲಮ್ಮ. ಅದರ ಮೇಲೆ ತೆಳ್ಳಗೆ ಎಣ್ಣೆ ಪದರ ಇರ್ಬೇಕು. ರೆಪ್ಪೆ ಅಂಚಿನ ಗ್ರಂಥಿಗಳು ಕಟ್ಕೊಂಡು ನಿಮಗೆ ಆ ಎಣ್ಣೆ ಸರಿಯಾಗಿ ಬರ್ತಿಲ್ಲ. ನೀರು ಬೇಗ ಆರಿಹೋಗುತ್ತೆ, ಕಣ್ಣು ಉರಿಯುತ್ತೆ, ಆ ಉರಿಗೆ ಮತ್ತೆ ನೀರು ಸುರಿಯುತ್ತೆ."

ಅಣ್ಣ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಮನೆಗೆ ಬಂದವನು ಶೆಡ್ಡಿಗೆ ಹೋಗಿ ನನ್ನ ಗಂಡನ ಪಕ್ಕ ನಿಂತ. ಮಗ್ಗದ ಸದ್ದಿನಲ್ಲಿ ಏನು ಹೇಳಿದನೋ, ಅವರು ತಲೆ ಎತ್ತಲಿಲ್ಲ.

ಈಗ ದಿನಾ ರೆಪ್ಪೆಗೆ ಬಿಸಿಬಟ್ಟೆಯ ಶಾಖ, ಡ್ರಾಪ್ಸ್. ಉರಿ ಕಮ್ಮಿಯಾಗಿದೆ, ಹೋಗಿಲ್ಲ. ಇದನ್ನು ಹೀಗೇ ನೋಡಿಕೊಳ್ಳುತ್ತಿರಬೇಕಂತೆ. ಮೊನ್ನೆ ಪಕ್ಕದ ಮನೆಯಾಕೆಗೆ ಒಣಕಣ್ಣಿನ ವಿಷಯ ಪೂರ್ತಿ ಬಿಡಿಸಿ ಹೇಳಿದೆ. ಆಕೆ ನನ್ನ ಒದ್ದೆ ಕೆನ್ನೆಯನ್ನೇ ನೋಡುತ್ತಾ, "ಹೇಳ್ಕೊಳ್ಳಕ್ಕೆ ಇಷ್ಟ ಇಲ್ದಿದ್ರೆ ಬಿಡಮ್ಮ," ಅಂದಳು.