ಎಮ್ಮೆಯ ಪಾಲಾದ ಪೌಷ್ಟಿಕ ಹಿಟ್ಟು

ಜುಗೂಳದ ಅಂಗನವಾಡಿಗೆ ಅಕ್ಕೋರಾಗಿ ಬಂದ ಹೊಸದರಲ್ಲಿ ನಾನು ತಾಯಂದಿರನ್ನು ಕೂಡಿಸಿ, ಚಿತ್ರ ತೋರಿಸಿ, ಮಕ್ಕಳ ಊಟದ ಪಾಠ ಹೇಳುತ್ತಿದ್ದೆ. ಅವರು ತಲೆಯಾಡಿಸಿ, ಬೆಳಗಾದರೆ ಕಬ್ಬು ಕಡಿಯಲು ಹೋಗಿಬಿಡುತ್ತಿದ್ದರು. ಮಕ್ಕಳ ಬಾಯಿಗೆ ತುತ್ತಿಡುವವರು ಮನೆಯಲ್ಲಿರುವ ಅಜ್ಜಿಯರು. ಅವರನ್ನು ಪಾಠಕ್ಕೆ ಯಾರೂ ಕರೆದೇ ಇರಲಿಲ್ಲ.

ಅಂಥ ಒಬ್ಬ ಆಯಿಯ ಮೊಮ್ಮಗ ತೂಕದಲ್ಲಿ ತೀರ ಹಿಂದಿದ್ದ. ಮುಂದಿನ ತಿಂಗಳೂ ತೂಕ ಏರದಿದ್ದರೆ ತಾಯಿಯ ಜೊತೆ ಆಸ್ಪತ್ರೆಯಲ್ಲಿ ಇಡಬೇಕು, ಅಜ್ಜಿಗೆ ಅಲ್ಲಿ ಜಾಗವಿಲ್ಲ ಎಂದು ನರ್ಸಮ್ಮ ಹೇಳಿ ಹೋದರು. ಹುಟ್ಟಿದಾಗಿನಿಂದ ಆಯಿಯ ಮಗ್ಗುಲಲ್ಲೇ ಮಲಗಿದ ಕೂಸು ಅದು. ಆಕೆಯ ಮುಖ ಬಾಡಿತು.

ಮಾರನೇ ದಿನ ಅವರ ಮನೆಗೇ ಹೋದೆ. "ನಾ ಕೊಟ್ಟ ಪೌಷ್ಟಿಕ ಹಿಟ್ಟ ತಿನಸ್ತಿಯೇನ ಆಯಿ?"

"ಇಲ್ರಿ ಅಕ್ಕೋರ, ಎಮ್ಮಿಗಿ ಹಾಕಾಕತ್ತೇನಿ. ಹಾಲ ಗಟ್ಟಿ ಬರತೈತಿ. ಆ ಹಾಲಿನ ಚಾದಾಗ ಬಿಸ್ಕೀಟ ಅದ್ದಿ ಕೂಸಿಗೇ ತಿನಸ್ತೇನಿ. ಹಿಟ್ಟ ಮತ್ತೆಲ್ಲಿ ಹೋತು?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಕೊಟ್ಟಿಗೆಯಲ್ಲಿ ಮಿರಮಿರ ಮಿಂಚುತ್ತಿದ್ದ ಎಮ್ಮೆಯನ್ನು ನೋಡಿ ನಗು ತಡೆಯಲಾಗಲಿಲ್ಲ.

"ಎಮ್ಮಿ ಪಾಸಾತು ಆಯಿ, ಮೊಮ್ಮಗ ನಪಾಸ. ಚಾ ಬಿಸ್ಕೀಟ ಮೈಗೆ ಹತ್ತೂದಿಲ್ಲ. ಬಾಣಂತಿಗಿ ಉಂಡಿ ಕಟ್ಟಾಕ ಊರೆಲ್ಲಾ ನಿನ್ನ ಕರೀತಾರ. ಇವಗೊಂದ ಕಟ್ಟಬಾರದ?"

"ಇಂವೇನ ಹಡದಾನೇನ್ರಿ?"

"ಹಡದಿಲ್ಲ, ಬೆಳೀಬೇಕಲ್ಲ."

ಆಯಿ ಎದ್ದು ಒಲೆ ಹೊತ್ತಿಸಿದಳು. ಶೇಂಗಾ ಹುರಿದು ನುಣ್ಣಗೆ ಪುಡಿ ಮಾಡಿದಳು. ಅದೇ ಪೌಷ್ಟಿಕ ಹಿಟ್ಟು, ಚೂರು ಬೆಲ್ಲ, ಒಂದಿಷ್ಟು ತುಪ್ಪ ಸೇರಿಸಿ ಉಂಡಿ ಕಟ್ಟಿ, ಹಾಲಿನಲ್ಲಿ ಮೆತ್ತಗೆ ಕಿವುಚಿ ಇಟ್ಟಳು. ಹುಡುಗ ಬಟ್ಟಲು ದೂಡಿ ಚಹಾದ ಕಪ್ಪಿಗಾಗಿ ರಂಪ ಮಾಡಿದ. "ಚಾ ಇಲ್ಲೋ ನನ ರಾಜಾ," ಎಂದು ಆಕೆ ಜಗ್ಗಲಿಲ್ಲ. ಸಂಜೆಯ ಹೊತ್ತಿಗೆ ಬಟ್ಟಲು ನೆಕ್ಕಿದ್ದ. ಮುಂದಿನ ವಾರ ನಾನು ಕರೆದ ಓಣಿಯ ಅಜ್ಜಿಯರೆಲ್ಲ ಅಂಗನವಾಡಿಯಲ್ಲಿ ಕೂತು ಉಂಡಿ ಕಟ್ಟುತ್ತ, ಬೆಲ್ಲ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಜಗಳವಾಡುತ್ತಿದ್ದರು. ಅಷ್ಟು ಖುಷಿಯ ಗದ್ದಲ ನಾನು ಕೇಳಿರಲಿಲ್ಲ.

ತೂಕದ ದಿನ ಆಯಿ ಒಳಗೆ ಬರಲಿಲ್ಲ. "ನನ್ನ ಕಡಿಂದ ನೋಡಾಕ ಆಗೂದಿಲ್ರಿ," ಎಂದು ಮುಖಕ್ಕೆ ಸೆರಗು ಮುಚ್ಚಿ ಮೆಟ್ಟಿಲ ಮೇಲೆ ಕೂತಳು. ನರ್ಸಮ್ಮ ಮುಳ್ಳು ನೋಡಿ, "ಚಲೋ ಏರೈತಿ. ಆಸ್ಪತ್ರಿ ಬ್ಯಾಡ," ಎಂದರು. ನಾನು ಹುಡುಗನನ್ನು ಎತ್ತಿಕೊಂಡು ಹೊರಗೆ ಓಡಿದೆ.

ಆಯಿ ಮೆಟ್ಟಿಲಿನಿಂದ ಎದ್ದು ಬಂದಳು. ಕೂಸನ್ನು ಅವುಚಿ ಹಿಡಿದು ಅತ್ತಳು. ನನಗೂ ಕಣ್ಣು ತುಂಬಿತು. ಹುಡುಗ ಅವಳ ಸೆರಗು ಜಗ್ಗಿ, "ಆಯಿ, ಉಣಸ," ಎಂದ. ತಾನಾಗಿ ಅವನು ಊಟ ಕೇಳಿದ್ದು ಅದೇ ಮೊದಲು.

"ಉಣಸ ಅಂದ್ರಿ, ತಾನ ಕೇಳಿದ," ಎಂದು ಓಣಿಯ ಪ್ರತಿ ಬಾಗಿಲಲ್ಲೂ ನಿಂತು ಹೇಳುತ್ತ ಆಕೆ ಮನೆಗೆ ಹೋದಳು.