ಹೂಂ ಅಂದ ಮೇಲೆ

ಆಸ್ಪತ್ರೆಯಲ್ಲಿ ಅವನಿಗೆ ಮಾತಿನಮಲ್ಲ ಎಂದೇ ಹೆಸರು. ಮೊದಲು ಮನೆ ಮನೆ ಸುತ್ತಿ ನೀರು ಶೋಧಿಸುವ ಯಂತ್ರ ಮಾರುತ್ತಿದ್ದ. ಬೀಗ ಹಾಕಿದ ಮನೆಗೂ ಒಂದು ಮಾರಿ ಬಂದನೆಂದು ಪ್ರತೀತಿ. ಇಂಥ ದಿವ್ಯ ನಾಲಗೆ ಬೀದಿಪಾಲಾಗಬಾರದೆಂದು ನಿರ್ದೇಶಕರು ಅವನನ್ನು ಕರೆತಂದು ಅಂಗದಾನ ವಿಭಾಗದ ಕುರ್ಚಿಯಲ್ಲಿ ಕೂರಿಸಿದರು. ಮಿದುಳು ಸತ್ತು, ಯಂತ್ರದ ಬಲದಿಂದಷ್ಟೇ ಎದೆ ಏರಿಳಿಯುತ್ತಿರುವ ರೋಗಿಯ ಮನೆಯವರನ್ನು ಕಂಡು, ಮೂತ್ರಪಿಂಡ, ಯಕೃತ್ತುಗಳನ್ನು ಬೇರೆಯವರಿಗೆ ಕೊಡುತ್ತೀರಾ ಎಂದು ಕೇಳುವುದು ಅವನ ಕೆಲಸ.

ಕೇಳಿದ್ದಷ್ಟೇ ಬಂತು. ಕೆಲವರು ಅತ್ತರು, ಕೆಲವರು ಬೈದರು, ಒಬ್ಬ ಅಜ್ಜಿ ಕೊಡೆ ಎತ್ತಿದಳು. ತೀವ್ರ ನಿಗಾ ಘಟಕದ ಹಿರಿಯ ನರ್ಸ್ ಅವನ ನೆರಳು ಕಂಡರೆ ಸಾಕು, "ಹದ್ದು ಬಂತು ನೋಡು" ಎಂದು ಮೂಗು ಮುರಿಯುತ್ತಿದ್ದಳು.

ಅಂಗದಾನದ ಪ್ರಮಾಣ ಮೇಲೇಳಲೇ ಇಲ್ಲ. ನಿರ್ದೇಶಕರು ದೂರದಿಂದ ಒಬ್ಬ ತರಬೇತುದಾರನನ್ನು ಕರೆಸಿದರು. ಆ ಮಹಾನುಭಾವ ಉಪದೇಶಿಸಿದ ಮಂತ್ರ ಒಂದೇ: ಮನೆಯವರ ಮನಸ್ಸಿನಲ್ಲಿ ಸಂಶಯ ಹುಟ್ಟುವ ಮೊದಲೇ ಅದರ ಕತ್ತು ಹಿಸುಕಿ. ಅವರು ಕೇಳುವ ಮುಂಚೆಯೇ ಉತ್ತರ ಕೊಟ್ಟುಬಿಡಿ. ಮಲ್ಲ ಉತ್ತರಗಳನ್ನೆಲ್ಲ ಅರೆದು ಕುಡಿದ. ಮನೆಯಲ್ಲಿ ಹೆಂಡತಿಯನ್ನೇ ಎದುರಿಗೆ ಕೂರಿಸಿಕೊಂಡು ತಾಲೀಮು ನಡೆಸಿದ.

"ಬದುಕಿರೋವಾಗ್ಲೇ ಹೆಂಡ್ತೀನ ವಿಧವೆ ಮಾಡಿ ಪ್ರಾಕ್ಟೀಸ್ ಮಾಡೋ ಗಂಡ ನೀವೊಬ್ರೇ ಇರ್ಬೇಕು," ಎಂದಳು ಅವಳು, ಹೊಲಿಗೆ ಯಂತ್ರ ತುಳಿಯುತ್ತಲೇ.

"ಸುಮ್ನೆ ಅಳು ಸ್ವಲ್ಪ. ಈಗ ನಾನು ಮುಖ ಹಾಳಾಗಲ್ಲ ಅನ್ನೋ ವಿಷಯಕ್ಕೆ ಬರ್ತೀನಿ."

ಹೀಗೆ ಅಡಿಯಿಂದ ಮುಡಿಯವರೆಗೆ ಕವಚ ತೊಟ್ಟು ನಿಂತ ವೀರನಿಗೆ ಕೊನೆಗೂ ರಣರಂಗ ಒದಗಿತು. ಅಂಗಡಿಯ ಚಾವಣಿ ಸರಿಮಾಡಲು ಹತ್ತಿ ಬಿದ್ದ ಸೈಕಲ್ ರಿಪೇರಿಯವನ ಮಿದುಳು ಸತ್ತಿದೆಯೆಂದು ಪರೀಕ್ಷೆಗಳು ಖಚಿತಪಡಿಸಿದ್ದವು. ವೈದ್ಯರು ಅದನ್ನು ಅವನ ಹೆಂಡತಿಗೂ ಅಣ್ಣನಿಗೂ ತಿಳಿಸಿ ಹೋಗಿದ್ದರು. ಕಿಟಕಿಯಿಲ್ಲದ ಚಿಕ್ಕ ಕೋಣೆಯಲ್ಲಿ ಇಬ್ಬರೂ ಕೂತಿದ್ದರು. ಮಲ್ಲ ಒಳಗೆ ಹೋಗಿ, ಗಂಟಲು ಸರಿಮಾಡಿಕೊಂಡು, ಪ್ರಶ್ನೆ ಇಟ್ಟ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವ್ರು ಒಂದು ಹಳೇ ಸ್ಕ್ರೂ ಕೂಡ ಬಿಸಾಕಿದವರಲ್ಲ. ಯಾರಿಗಾದ್ರೂ ಬೇಕಾಗುತ್ತೆ ಅಂತಿದ್ರು. ಹೂಂ, ತಗೊಳ್ಳಿ."

ಪಕ್ಕದಲ್ಲಿದ್ದ ಆಕೆಯ ಭಾವನೂ ನೆಲ ನೋಡುತ್ತ ಆಗಲೆಂದು ತಲೆಯಾಡಿಸಿದ.

ಅಲ್ಲಿಗೆ ಎದ್ದು ಬರಬಹುದಿತ್ತು. ಆದರೆ ಕತ್ತಿ ಹಿರಿದು ಬಂದವನಿಗೆ ಶತ್ರು ಕುರ್ಚಿ ಎಳೆದು ಕೂರಿ ಎಂದರೆ ಅವನು ಏನು ಮಾಡಬೇಕು? ಕಲಿತದ್ದೆಲ್ಲ ಬಾಯಿಯ ಬಾಗಿಲಲ್ಲಿ ನೂಕಾಡುತ್ತಿತ್ತು.

"ಮುಖ ಏನೂ ಹಾಳಾಗಲ್ಲಮ್ಮ, ಆ ಹೆದರಿಕೆ ಬೇಡ," ಎಂದ.

ಭಾವ ತಲೆಯೆತ್ತಿದ. "ಮುಖಕ್ಕೆ ಏನ್ ಮಾಡ್ತೀರಾ?"

"ಏನೂ ಮಾಡಲ್ಲ ಸರ್. ಅದಕ್ಕೇ ಮೊದಲೇ ಹೇಳಿದ್ದು. ಇನ್ನೊಂದು, ಅಂಗಕ್ಕೋಸ್ಕರ ನಾವು ಚಿಕಿತ್ಸೆ ಕಡಿಮೆ ಮಾಡಿಲ್ಲ."

"ಹಂಗೆ ಮಾಡೋರೂ ಇದಾರಾ?"

"ಇಲ್ಲ ಸರ್. ಮಾರಾಟಾನೂ ಮಾಡಲ್ಲ."

"ಮಾರಾಟದ ಮಾತು ಯಾರ್ರೀ ಎತ್ತಿದ್ದು?"

ಬಿಟ್ಟ ಬಾಣವನ್ನು ಹಿಡಿದೆಳೆಯಲು ಮಲ್ಲ ಇನ್ನೊಂದು ಬಾಣ ಬಿಟ್ಟ. "ಎದೆ ಏರಿಳೀತಾ ಇರುತ್ತೆ, ಮೈ ಬೆಚ್ಚಗಿರುತ್ತೆ. ಅದು ಯಂತ್ರದಿಂದ ಸರ್, ಜೀವ ಅಲ್ಲ."

ಭಾವ ಆವರೆಗೂ ಒಳಗೆ ಹೋಗಿ ತಮ್ಮನನ್ನು ನೋಡಿರಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಈಗ ಎದ್ದು ಹೋದ. ತಮ್ಮನ ಕೈ ಮುಟ್ಟಿ ಬಂದವನ ಮುಖವೇ ಬೇರೆಯಾಗಿತ್ತು.

"ಬೆಚ್ಚಗಿದಾನೆ. ಉಸಿರಾಡ್ತಿದಾನೆ. ಯಾರೂ ಮುಟ್ಟಕೂಡ್ದು ಅವನನ್ನ."

"ಭಾವ, ಡಾಕ್ಟ್ರು ಎಲ್ಲಾ ಹೇಳಿದ್ರಲ್ಲ," ಎಂದಳು ಆಕೆ. "ನಾನು ಹೂಂ ಅಂದಾಗಿದೆ."

"ನಿಂಗೆ ಈಗ ಏನೂ ತಿಳಿಯಲ್ಲ, ಸುಮ್ನಿರಮ್ಮ. ಇವ್ರೇನೋ ಮುಚ್ಚಿಡ್ತಿದಾರೆ. ಇಲ್ದಿದ್ರೆ ಕೇಳ್ದೇನೇ ಇಷ್ಟೆಲ್ಲ ಯಾಕೆ ಹೇಳ್ತಿದ್ರು?"

ಹೆಂಡತಿಯ ಒಪ್ಪಿಗೆ ಸಾಕೆಂದು ಕಾನೂನು ಹೇಳಬಹುದು. ಆದರೆ ಮನೆಯಲ್ಲಿ ಒಬ್ಬರು ಬೇಡವೆಂದು ನಿಂತರೆ ಕೈ ಹಾಕಬಾರದು ಎಂಬುದು ಆಸ್ಪತ್ರೆಯ ರೂಢಿ. ಆಕೆಯಾದರೂ ನಾಳೆಯಿಂದ ಅದೇ ಭಾವನ ಸೂರಿನಡಿ ಮಕ್ಕಳನ್ನು ಸಾಕಬೇಕಾದವಳು. ಮತ್ತೆರಡು ಸಲ ಕೇಳಿಕೊಂಡಳು, ಆಮೇಲೆ ಸುಮ್ಮನಾದಳು. ಶಸ್ತ್ರಚಿಕಿತ್ಸೆಯ ಕೋಣೆಯನ್ನು ಸಜ್ಜು ಮಾಡುತ್ತಿದ್ದವರಿಗೆ ಬೇಡವೆಂದು ಹೇಳಿ ಕಳಿಸಲಾಯಿತು. ಸಂಜೆಯೊಳಗೆ ಹೃದಯವೂ ನಿಂತಿತು.

ಕಾರಿಡಾರಿನಲ್ಲಿ ಆಕೆ ಗಂಡನ ಬಟ್ಟೆಯ ಚೀಲ ಹಿಡಿದು ಮಲ್ಲನ ಮುಂದೆ ನಿಂತಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬೈಗುಳಕ್ಕೆ ಉತ್ತರ ಅವನ ಬಳಿಯಿತ್ತು.

"ನಾನು ಹೂಂ ಅಂದಿದ್ದು ನಿಮಗೆ ಕೇಳಿಸ್ಲಿಲ್ವಾ ಅಣ್ಣ?" ಎಂದಳು.

"ಕೇಳಿಸ್ತಮ್ಮ," ಎಂದ.

ಆಕೆ ಇನ್ನೇನೋ ಹೇಳುತ್ತಾನೆಂದು ಕಾದಳು. ಅಷ್ಟರಲ್ಲಿ ಭಾವ ಕರೆದ.

ಮರುದಿನ ನಿರ್ದೇಶಕರ ಸಭೆ. ಮನೆಯವರು ನಿರಾಕರಿಸಿದರು, ಜನರಲ್ಲಿ ಅರಿವು ಸಾಲದು ಎಂದು ಅವರು ಷರಾ ಬರೆಸುತ್ತಿದ್ದಾಗ ಮಲ್ಲ ಎದ್ದು ನಿಂತ.

"ಸರ್, ಅವ್ರು ಮೊದಲು ಒಪ್ಪಿದ್ರು. ನಾನೇ ಮಾತಾಡಿ ಮಾತಾಡಿ ಕೆಡಿಸ್ದೆ."

ನಿರ್ದೇಶಕರು ಕನ್ನಡಕದ ಮೇಲಿಂದ ನೋಡಿ ಮಮತೆಯಿಂದ ನಕ್ಕರು. "ಒಪ್ಪಿದವ್ರು ಯಾಕ್ರೀ ಹಿಂದೆ ಸರೀತಾರೆ? ಎಲ್ಲೋ ಒಂದು ಸಂಶಯ ಉಳಿದಿತ್ತು, ನೀವು ಇನ್ನೂ ಸ್ವಲ್ಪ ಮಾತಾಡಬೇಕಿತ್ತು. ಕೂತ್ಕೊಳ್ಳಿ. ತರಬೇತಿಯವರನ್ನ ಮತ್ತೆ ಕರೆಸೋಣ."

ಮಲ್ಲ ಕೂತ.